ಕಾಪಿ ಪುಡಿಯ ಬಾಟಲಿ, ಎರಡು ಮೂಗು

ಇಪ್ಪತ್ತೆಂಟು ವರ್ಷ ನಾನು ಪರರ ಮೂಗಿನೊಳಗೆ ಇಣುಕಿ ಸಂಬಳ ತೆಗೆದುಕೊಂಡವಳು. ಹೀಗೆ ನೇರವಾಗಿ ಹೇಳಿದರೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ತಮ್ಮ ಎಲೆಯನ್ನು ಸ್ವಲ್ಪ ಆಚೆಗೆ ಎಳೆದುಕೊಳ್ಳುತ್ತಾರೆ. ಹೃದಯದ ಆಸ್ಪತ್ರೆಯ ಬಾಗಿಲು ಕಾಯುವವನಿಗೂ ಸಿಗುವ ಮರ್ಯಾದೆ ಮೂಗಿನ ಆಸ್ಪತ್ರೆಯ ಸಿಸ್ಟರಿಗೆ ಸಿಗುವುದಿಲ್ಲ. ಅದಕ್ಕೆ ನಾನು ಬಹಳ ಕಾಲ ‘ಮೆಡಿಕಲ್ ಲೈನು’ ಎಂದಷ್ಟೇ ಹೇಳಿ ಪಾಯಸಕ್ಕೆ ಕೈ ಹಾಕುತ್ತಿದ್ದೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಪಕ್ಕದ ಫ್ಲ್ಯಾಟಿನ ಹುಡುಗಿ ಕಿವಿ-ಮೂಗು-ಗಂಟಲಿನ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ. ‘ಆಂಟಿ, ಏನಾದ್ರೂ ಟಿಪ್ಸ್ ಕೊಡಿ’ ಎಂದಳು. ಟಿಪ್ಸ್ ಅಂತೆ! ಹೋಟೆಲಿನಲ್ಲಿ ಕೊಡುವುದನ್ನು ನನ್ನ ಹತ್ತಿರ ಕೇಳುತ್ತಾಳೆ. ನಾನು ಕೊಡಬಲ್ಲದ್ದು ನಾನು ಮಾಡಿದ ತಪ್ಪುಗಳನ್ನು ಮಾತ್ರ. ಬಡ್ತಿ, ಶಾಲು, ಹಾರ ಇವೆಲ್ಲ ನನಗೂ ಸಿಕ್ಕಿವೆ, ಶಾಲು ಈಗ ಇಸ್ತ್ರಿ ಮೇಜಿನ ಮೇಲಿದೆ.

ಮೊದಲು ನಮ್ಮ ಅನ್ನದಾತನ ಪರಿಚಯವಾಗಲಿ. ಅದರ ಹೆಸರು ಲೋಳೆಪೊರೆ. ಹೆಸರು ಇಟ್ಟವನಿಗೆ ಅದರ ಮೇಲೆ ಏನೋ ಹಗೆ ಇದ್ದಿರಬೇಕು. ಮೂಗು, ಬಾಯಿ, ಗಂಟಲು, ಶ್ವಾಸನಾಳ, ಜಠರ, ಕರುಳು, ಹೀಗೆ ಹೊರಗಿನ ಗಾಳಿ ಮತ್ತು ಅನ್ನ ಒಳಗೆ ಹೋಗುವ ದಾರಿಯುದ್ದಕ್ಕೂ ಹಾಸಿರುವ ಒದ್ದೆ ಪೊರೆ ಅದು. ಮೈಮೇಲಿನ ಚರ್ಮ ಒಣಗಿದ್ದರೂ ನಡೆಯುತ್ತದೆ, ಇದು ಒದ್ದೆಯಿಲ್ಲದೆ ಬದುಕುವುದಿಲ್ಲ. ಮೂಗಿನಲ್ಲಿ ಅದು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ತೇವ ಮಾಡುತ್ತದೆ, ಧೂಳನ್ನು ತನ್ನ ಅಂಟಿನಲ್ಲಿ ಹಿಡಿದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಣ್ಣ ಕೂದಲುಗಳು ಆ ಅಂಟನ್ನು ನಿಧಾನವಾಗಿ ಗಂಟಲ ಕಡೆಗೆ ತಳ್ಳುತ್ತವೆ, ನಾವು ಗೊತ್ತಿಲ್ಲದೆ ನುಂಗುತ್ತೇವೆ, ಜಠರದ ಆಮ್ಲ ಉಳಿದ ಕೆಲಸ ಮುಗಿಸುತ್ತದೆ. ಆ ಆಮ್ಲ ಜಠರವನ್ನೇ ತಿಂದುಹಾಕದಂತೆ ಅಲ್ಲಿ ತಡೆದು ನಿಂತಿರುವುದೂ ಇದೇ ಪೊರೆಯ ಲೋಳೆ. ಮೂಗಿನ ಮೇಲ್ಭಾಗದ ಸೂರಿನಲ್ಲಿ, ಒಂದು ಅಂಚೆಚೀಟಿಯಷ್ಟು ಜಾಗದಲ್ಲಿ, ವಾಸನೆ ಹಿಡಿಯುವ ತುಂಡೊಂದಿದೆ. ನನ್ನ ಕಥೆಯೆಲ್ಲ ಆ ಅಂಚೆಚೀಟಿಯಷ್ಟು ಜಾಗದ್ದು.

ಇಷ್ಟು ಕೆಲಸ ಮಾಡುವ ವಸ್ತುವಿಗೆ ಚೆನ್ನೈಯಲ್ಲಿ ಒಂದೇ ಬಿರುದು: ‘ಸಳಿ’, ಅಂದರೆ ನೆಗಡಿ, ಕಫ. ನಮ್ಮ ಕ್ಲಿನಿಕ್ಕು ವೆಸ್ಟ್ ಮಾಂಬಲಂ ಸ್ಟೇಷನ್ನಿನಿಂದ ಎರಡು ಬೀದಿ ಆಚೆ. ನಾನು ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬರುತ್ತಿದ್ದೆ. ಅಪ್ಪ ರೈಲ್ವೆಯಲ್ಲಿದ್ದವರು, ತಿಪಟೂರು ಕಡೆಯಿಂದ ಬಂದು ಅಲ್ಲೇ ನೆಲೆಯೂರಿದವರು. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಸಾಲು ನಿಂತಿರುತ್ತಿತ್ತು. ಎಲ್ಲರದೂ ಒಂದೇ ಬೇಡಿಕೆ, ‘ಸಳಿಯನ್ನು ಪೂರ್ತಿ ತೆಗೆದುಬಿಡಿ’. ಪೂರ್ತಿ ತೆಗೆದರೆ ನೀವೂ ಹೋಗುತ್ತೀರಿ ಸ್ವಾಮಿ ಎಂದು ಹೇಳಲು ಬಾಯಿ ತುರಿಸುತ್ತಿತ್ತು. ಮಾರ್ಗಳಿ ತಿಂಗಳಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಅರ್ಧ ಊರು ಮಂಕಿ ಕ್ಯಾಪ್ ಹಾಕಿಕೊಂಡು ಹಿಮಾಲಯಕ್ಕೆ ಹೊರಟವರಂತೆ ಬಂದು ಕೂರುತ್ತಿತ್ತು.

ಬ್ಯಾಂಕಿನ ಒಬ್ಬ ಅಧಿಕಾರಿ ಹನ್ನೊಂದು ವರ್ಷದಿಂದ ಮೂಗಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ಅಂಗಿಯ ಜೇಬಿನಲ್ಲೊಂದು ಬಾಟಲಿ, ಆಫೀಸಿನ ಮೇಜಿನಲ್ಲೊಂದು, ದೇವರ ಗೂಡಿನಲ್ಲೊಂದು. ಹಾಕಿದರೆ ಮೂಗು ತೆರೆಯುತ್ತದೆ, ಎರಡು ಗಂಟೆಗೆ ಮತ್ತೆ ಮುಚ್ಚುತ್ತದೆ, ಮತ್ತೆ ಹಾಕಬೇಕು. ಊದಿಕೊಳ್ಳುವಂತೆ ಪೊರೆಗೆ ಕಲಿಸಿದ್ದೇ ಆ ಡ್ರಾಪ್ಸ್ ಎಂದರೆ ಆ ಪುಣ್ಯಾತ್ಮ ನಂಬಲಿಲ್ಲ. ಕೊನೆಗೆ ನಮ್ಮ ದೊಡ್ಡ ಡಾಕ್ಟರು ಉಪಾಯ ಮಾಡಿದರು. ಬಲಗಡೆಯ ಹೊಳ್ಳೆಗೆ ನಿಲ್ಲಿಸಿ, ಎಡಗಡೆಗೆ ಮಾತ್ರ ಹಾಕಿಕೊಳ್ಳಿ. ಬಲ ಸರಿಹೋದ ಮೇಲೆ ಎಡವನ್ನೂ ಬಿಡಿ. ಮೂರು ವಾರ ಆ ಮನುಷ್ಯ ದಿನಾ ಫೋನ್ ಮಾಡಿ ಬಲಹೊಳ್ಳೆಯ ಸುದ್ದಿಯನ್ನು ಕ್ರಿಕೆಟ್ ಸ್ಕೋರಿನಂತೆ ನನಗೆ ಒಪ್ಪಿಸಿದರು. ಹುಡುಗಿ, ನೀನೂ ಇಂಥ ಫೋನುಗಳಿಗೆ ಉತ್ತರ ಕೊಡಬೇಕಾಗುತ್ತದೆ, ನಗಬೇಡ.

ದೊಡ್ಡ ಡಾಕ್ಟರು ಎಂದೆನಲ್ಲ, ಕ್ಲಿನಿಕ್ಕು ಅವರದೇ. ಕೈಗುಣ ಒಳ್ಳೆಯದು, ಅದನ್ನು ಯಾರೂ ತೆಗೆದುಹಾಕುವಂತಿಲ್ಲ. ಆದರೆ ತಮ್ಮ ಕೈಗುಣವನ್ನು ತಾವೇ ದಿನಕ್ಕೆ ನಾಲ್ಕು ಸಲ ಹೊಗಳಿಕೊಳ್ಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಾನು ಸೇರಿದಾಗ ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು, ಹಿಂದಿನ ಬಲ್ಬಿನ ಬೆಳಕನ್ನು ಹೊಳ್ಳೆಯೊಳಗೆ ಬಿಟ್ಟು ನೋಡುತ್ತಿದ್ದರು. ಮದ್ರಾಸು ಚೆನ್ನೈಯಾದ ಒಂದೆರಡು ವರ್ಷಕ್ಕೆ ನಮ್ಮಲ್ಲಿಗೆ ಎಂಡೋಸ್ಕೋಪು ಬಂತು, ಜೊತೆಗೊಂದು ಟಿವಿ. ಅಲ್ಲಿಯವರೆಗೆ ಒಬ್ಬರೇ ನೋಡುತ್ತಿದ್ದ ಮೂಗಿನ ಒಳಾಂಗಣವನ್ನು ಈಗ ರೋಗಿ, ರೋಗಿಯ ಹೆಂಡತಿ, ಮೈದುನ ಎಲ್ಲರೂ ಕೂತು ನೋಡುವಂತಾಯಿತು. ‘ಎಷ್ಟು ಕೆಂಪಗಿದೆ ನೋಡಿ, ಅದಕ್ಕೇ ಇವರಿಗೆ ಕೋಪ ಜಾಸ್ತಿ’ ಎಂದು ಒಬ್ಬಾಕೆ ಗಂಡನ ಮೂಗು ನೋಡಿ ತೀರ್ಮಾನ ಕೊಟ್ಟಿದ್ದು ನನ್ನೆದುರೇ.

ಕ್ಲಿನಿಕ್ಕಿನಲ್ಲಿ ನನ್ನ ಖಾಸಾ ಇಲಾಖೆ ವಾಸನೆ ಪರೀಕ್ಷೆ. ದೊಡ್ಡ ಡಾಕ್ಟರ ಸಂಪ್ರದಾಯ ಅದು: ಕಂದು ಬಣ್ಣದ ಆರು ಸಣ್ಣ ಬಾಟಲಿ. ಲವಂಗ, ಇಂಗು, ಕರ್ಪೂರ, ಕಾಪಿ ಪುಡಿ. ಐದನೆಯದರಲ್ಲಿ ಬರೀ ಹತ್ತಿ, ಆರನೆಯದರಲ್ಲಿ ಅಮೋನಿಯ. ರೋಗಿ ಕಣ್ಣು ಮುಚ್ಚಬೇಕು, ನಾನು ಒಂದೊಂದನ್ನೇ ಹಿಡಿಯಬೇಕು, ಅವರು ಹೇಳಿದ್ದನ್ನು ಬರೆಯಬೇಕು. ಹತ್ತಿಯಲ್ಲಿ ಮಲ್ಲಿಗೆ ಮೂಸಿದವರೂ ಇದ್ದಾರೆ. ಅಮೋನಿಯ ಇದ್ದದ್ದು ಸುಳ್ಳರಿಗೆ. ಅದು ಬರೀ ವಾಸನೆಯಲ್ಲ, ಪೊರೆಯನ್ನೇ ಚುಚ್ಚುತ್ತದೆ. ವಾಸನೆ ಪೂರಾ ಹೋದವರಿಗೂ ಆ ಚುಚ್ಚು ತಿಳಿಯುತ್ತದೆ. ಬಸ್ಸಿನ ಅಪಘಾತದಲ್ಲಿ ಮೂಗೇ ಸತ್ತುಹೋಯಿತೆಂದು ಸರ್ಟಿಫಿಕೇಟಿಗೆ ಬಂದವನೊಬ್ಬನಿಗೆ ಅದನ್ನು ಹಿಡಿದೆ. ಕಣ್ಣಲ್ಲಿ ಧಾರಾಕಾರ ನೀರು, ಮುಖ ಕೆಂಪು, ಕೆಮ್ಮು. ಆದರೂ ಛಲ ಬಿಡದೆ ‘ಒಣ್ಣುಮೇ ಇಲ್ಲೆ ಮೇಡಂ’, ಏನೂ ಇಲ್ಲ ಎಂದ. ಅಂಥ ನಟನೆಗೆ ಪಕ್ಕದ ಕೋಡಂಬಾಕ್ಕಂನಲ್ಲಿ ಸಿನಿಮಾ ಸ್ಟುಡಿಯೋಗಳಿದ್ದವು, ಪಾಪ, ಬಸ್ಸು ಇಳಿಯುವ ಸ್ಟಾಪು ತಪ್ಪಿತ್ತು.

ಈಗ ನನ್ನ ಗುಟ್ಟನ್ನು ಹೇಳಿಬಿಡುತ್ತೇನೆ. ಒಂದು ಮಾರ್ಗಳಿಯಲ್ಲಿ ನನಗೂ ಜೋರು ನೆಗಡಿಯಾಯಿತು. ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ವಾರ ಕಾದೆ, ತಿಂಗಳು ಕಾದೆ, ಏನೂ ಇಲ್ಲ. ಸಾರು ಬಿಸಿ ನೀರಿಗೆ ಉಪ್ಪು ಹುಳಿ ಹಾಕಿದ ಹಾಗೆ. ಮಲ್ಲಿಗೆ ಮುಡಿದರೆ ಒದ್ದೆ ಹತ್ತಿ ಮುಡಿದ ಹಾಗೆ. ಮನೆಯಲ್ಲಿ ಹಾಲು ಸೀದು ತಳ ಹಿಡಿದರೂ ನಾನು ಎದುರಿಗೇ ನಿಂತು ಪೇಪರು ಓದುತ್ತಿದ್ದೆ. ನಮ್ಮ ಮನೆಯವರಿಗೆ ಹೇಳಿದೆ. ಕ್ಲಿನಿಕ್ಕಿನಲ್ಲಿ ಹೇಳಲಿಲ್ಲ. ವಾಸನೆ ಪರೀಕ್ಷೆ ಮಾಡುವವಳಿಗೆ ವಾಸನೆಯಿಲ್ಲ ಎಂದರೆ ನಾಳೆಯಿಂದ ಬರಬೇಡಮ್ಮ ಎನ್ನುತ್ತಾರೆ ಎಂಬ ಭಯ. ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಬಹುಮಾನವೂ ಬಂತು ನೋಡಿ. ಒಬ್ಬ ರೋಗಿಯ ಮೂಗಿನಲ್ಲಿ ರಕ್ತ ನಿಲ್ಲಲು ತುರುಕಿದ್ದ ಒಂದು ತುಂಡು ಗಾಜ್ ಬಟ್ಟೆಯನ್ನು ತೆಗೆಯದೆ ಬಿಟ್ಟು ಕಳುಹಿಸಿದ್ದೆವು, ಎಣಿಸಬೇಕಾದವಳು ನಾನೇ. ಹತ್ತು ದಿನದ ಮೇಲೆ ಅವರು ಬಂದಾಗ ಹೊರಗೆ ಕೂತಿದ್ದವರೆಲ್ಲ ಮೂಗು ಮುಚ್ಚಿಕೊಂಡು ಮೆಟ್ಟಿಲಿಗೆ ಓಡಿದರು. ದೊಡ್ಡ ಡಾಕ್ಟರೂ ಎರಡು ಮಾಸ್ಕ್ ಹಾಕಿಕೊಂಡರು. ನಾನೊಬ್ಬಳೇ ಪಕ್ಕದಲ್ಲಿ ಕೂತು ನಗುಮುಖದಿಂದ ಬಟ್ಟೆ ಹೊರಗೆಳೆದೆ. ‘ಗಿರಿಜಾ ಸಿಸ್ಟರ್ ಸೇವೆ ನೋಡಿ ಕಲೀರಿ’ ಎಂದು ಡಾಕ್ಟರು ಎಲ್ಲರಿಗೂ ಪಾಠ ಹೇಳಿದರು. ಅಯ್ಯೋ ಶಿವನೇ, ಎಂಥ ಸೇವೆ!

ಬಾಟಲಿಗಳನ್ನು ತಿಂಗಳಿಗೊಮ್ಮೆ ಬದಲಿಸುವ ಕೆಲಸ ನನ್ನದು. ವಾಸನೆ ಹೋದ ಮೇಲೆ ಅದನ್ನು ಆಯಾ ಕನ್ನಿಯಮ್ಮನ ಮೂಗಿನಿಂದ ನಡೆಸುತ್ತಿದ್ದೆ. ಕನ್ನಿಯಮ್ಮ ನೆಲ ಒರೆಸಿ, ಉಪಕರಣ ಕುದಿಸಿ, ಡಾಕ್ಟರ ಮೂಡು ಹೇಗಿದೆ ಎಂದು ನಮಗೆ ಮೊದಲೇ ತಿಳಿಸುವ ಹೆಂಗಸು. ‘ಇದು ಸರಿಯಾಗಿದೆಯಾ ನೋಡು’ ಎಂದರೆ ಮೂಸಿ ‘ಸೂಪರ್ ಅಕ್ಕಾ’ ಎನ್ನುತ್ತಿದ್ದಳು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ವರ್ಷ ಅವಳ ಮಗಳ ಬಾಣಂತನ ಬಂತು, ಮೂರು ತಿಂಗಳು ಊರಿಗೆ ಹೋದಳು. ನಾನೇ ನಿಭಾಯಿಸುತ್ತೇನೆ ಎಂದುಕೊಂಡೆ. ಲವಂಗವೂ ಇಂಗೂ ಬೇಗ ಕೆಡುವವಲ್ಲ. ಕರ್ಪೂರ ಕರಗಿದರೆ ಕಣ್ಣಿಗೇ ಕಾಣುತ್ತದೆ, ಮೂಸಿದರೆ ಒಳಗೆ ತಣ್ಣಗಾಗುತ್ತದೆ. ಅಮೋನಿಯ ಅಳಿಸುತ್ತದೆ. ಕಾಪಿ ಪುಡಿ ಮಾತ್ರ ಸತ್ತರೂ ಬಣ್ಣ ಬದಲಿಸುವುದಿಲ್ಲ. ಕಂದಾಗಿತ್ತು, ಕಂದಾಗಿಯೇ ಇತ್ತು. ಚೆನ್ನಾಗಿದೆ ಎಂದು ಬಿಟ್ಟೆ.

ಆ ಮೂರು ತಿಂಗಳಲ್ಲೇ ಮಹಾಲಿಂಗಪ್ಪನವರು ಬಂದದ್ದು. ಸ್ಟೇಷನ್ನಿನ ಹತ್ತಿರ ಅವರದು ಕಾಪಿ ಪುಡಿ ಅಂಗಡಿ. ಅವರ ತಂದೆಯೂ ನಮ್ಮ ತುಮಕೂರು ಕಡೆಯಿಂದಲೇ ಬಂದು ಬೀಜ ಹುರಿಯುವ ಮೆಷಿನ್ ಇಟ್ಟವರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಬೆರಳಿನ ಸಂದಿಯಲ್ಲೆಲ್ಲ ಕಾಪಿಯ ಕಂದು. ಬೀಜ ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಅವರು ನೋಡಿ ಹೇಳುತ್ತಿರಲಿಲ್ಲ, ನಿಂತಲ್ಲೇ ಮೂಗೆತ್ತಿ ಹೇಳುತ್ತಿದ್ದರಂತೆ. ಆ ಮೂಗಿನಲ್ಲಿ ಪೊರೆ ಊದಿ ದ್ರಾಕ್ಷಿಯಂಥ ಗಡ್ಡೆಗಳಾಗಿ ವಾಸನೆಯ ದಾರಿ ಮುಚ್ಚಿಹೋಗಿತ್ತು. ಎರಡು ಸಲ ಬೀಜ ಸೀದು ಗಿರಾಕಿಗಳು ವಾಪಸು ತಂದಿದ್ದರು. ಮಗ ಪ್ರಕಾಶನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅವನು ಹೇಳಿದ, ‘ಅಪ್ಪಾವುಕ್ಕು ಮೂಕ್ಕೇ ಪೋಚ್ಚು ಸಿಸ್ಟರ್. ಅಪ್ಪುರಂ ಮೆಷಿನ್ ಎದುಕ್ಕು?’ ಮೂಗೇ ಹೋದ ಮೇಲೆ ಮೆಷಿನ್ ಯಾಕೆ. ಅದನ್ನು ಬಿಚ್ಚಿಸಿ ಕಂಪನಿಯ ಪ್ಯಾಕೆಟ್ ಪುಡಿಯ ಏಜೆನ್ಸಿ ತೆಗೆದುಕೊಳ್ಳೋಣ ಎಂಬುದು ಅವನ ವಾದ.

‘ಆಪರೇಷನ್ ಆಗ್ಲಿ ತಡಿಯೋ,’ ಎಂದರು ಮಹಾಲಿಂಗಪ್ಪ. ‘ವಾಸನೆ ಬಂತೋ, ಮೆಷಿನ್ ನಂದು. ಬರ್ಲಿಲ್ವೋ, ಅಂಗಡಿ ನಿಂದು, ನಾನು ಸುಮ್ಕಿರ್ತೀನಿ. ಸರಿಯಾ?’

ಆಪರೇಷನ್ ಚೆನ್ನಾಗಿಯೇ ಆಯಿತು. ಒಳಗೆ ಗಾಯ ಮಾಗುವವರೆಗೆ ಹೊಗೆ, ಧೂಳು ತಗಲಬಾರದು, ಆರು ವಾರ ಅಂಗಡಿ ಮೆಟ್ಟಿಲು ಹತ್ತಬೇಡಿ, ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ ಎಂದೆವು. ಆ ಮನುಷ್ಯ ಶಾಲೆಯ ಮಗುವಿನಂತೆ ಎಲ್ಲ ಪಾಲಿಸಿದರು. ಆರು ವಾರ ಕಳೆದು ಬಂದು ನನ್ನೆದುರು ಕಣ್ಣು ಮುಚ್ಚಿ ಕೂತರು. ಲವಂಗ ಹಿಡಿದೆ, ‘ಲವಂಗ’ ಎಂದರು. ಇಂಗು ಹಿಡಿದೆ, ‘ಪೆರುಂಗಾಯ’ ಎಂದು ನಕ್ಕರು. ಕರ್ಪೂರ, ಸರಿ. ನಾಲ್ಕನೆಯದನ್ನು ಹಿಡಿದೆ. ಮೂಸಿದರು, ಮತ್ತೆ ಮೂಸಿದರು, ನನ್ನ ಕೈಯನ್ನು ಹಿಡಿದುಕೊಂಡು ಮೂಗಿಗೇ ಒತ್ತಿಕೊಂಡರು.

‘ಇದ್ರಾಗೆ ಏನೂ ಇಲ್ಲ ತಾಯಿ. ಮಣ್ಣು ಇದ್ದಂಗೈತೆ.’

‘ಕಣ್ಣು ಬಿಡಿ ಯಜಮಾನ್ರೆ,’ ಎಂದೆ.

ಬಾಟಲಿ ನೋಡಿದರು. ಮುಖದ ಬಣ್ಣ ಇಳಿದುಹೋಯಿತು. ‘ಬಾಟ್ಲು ಸರಿಯಾಗೈತಾ ತಾಯಿ? ಒಂದ್ ಸಲ ನೀವು ಮೂಸಿ ನೋಡಿ.’

ನಾನು ಮೂಸಿದೆ. ದೇವರಾಣೆ, ಉದ್ದಕ್ಕೆ ಉಸಿರೆಳೆದು, ಕಣ್ಣು ಅರೆಮುಚ್ಚಿ, ಅಮೋನಿಯದ ಮುಂದೆ ಕೂತಿದ್ದ ಆ ಬಸ್ಸಿನವನನ್ನೂ ಮೀರಿಸಿ ನಟಿಸಿದೆ. ‘ಗಮ್ ಅಂತಿದೆಯಲ್ಲ!’ ಎಂದೆ.

ದೊಡ್ಡ ಡಾಕ್ಟರಿಗೆ ಹಬ್ಬ. ನಲವತ್ತು ವರ್ಷ ಕಾಪಿಯಲ್ಲೇ ಮುಳುಗಿ ಬೇಸತ್ತ ಪೊರೆ ಆ ಒಂದು ವಾಸನೆಯನ್ನು ಮಾತ್ರ ಒಲ್ಲೆ ಎನ್ನುತ್ತಿದೆ, ಲೋಕದಲ್ಲಿ ಇಂಥದ್ದನ್ನು ಯಾರೂ ಬರೆದಿಲ್ಲ ಎಂದು ಕುಣಿದಾಡಿದರು. ಮುಂದಿನ ತಿಂಗಳ ಸಮ್ಮೇಳನಕ್ಕೆ ‘ಕಾಪಿಗೆ ಮಾತ್ರ ಕುರುಡಾದ ಮೂಗು’ ಎಂದು ಪ್ರಬಂಧ ಬರೆದು ಸ್ಲೈಡು ಮಾಡಿಸಿದರು. ಮಹಾಲಿಂಗಪ್ಪನವರ ಮೂಗು ಬಣ್ಣದಲ್ಲಿ ಬಂದಿತ್ತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೂ ಇದೆ. ಹತ್ತು ದಿನದ ಮೇಲೆ ಅವರು ಕ್ಲಿನಿಕ್ಕಿಗೆ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು. ‘ತಾಯಿ, ಬೆಳಿಗ್ಗೆ ಅಡಿಗೆಮನೆ ಕಡೆಯಿಂದ ಡಿಕಾಕ್ಷನ್ ವಾಸನೆ ಬಂದಂಗಾಯ್ತು. ನಿಜವಾ ಇದು?’

ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಏಕೆಂದರೆ ನನಗೂ ಬರುತ್ತಿತ್ತು. ವಾಸನೆ ಹೋದ ಮೇಲೂ ಒಮ್ಮೊಮ್ಮೆ, ಎಲ್ಲಿಂದಲೋ, ಅಮ್ಮನ ಕಾಲದ ಒಗ್ಗರಣೆ, ಹೊಸ ಸೀರೆ, ಮಳೆಯಾದ ಪ್ಲಾಟ್‌ಫಾರ್ಮು. ಓಡಿಹೋಗಿ ನೋಡಿದರೆ ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಮೊದಮೊದಲು ನಾನೂ ಕುಣಿದಿದ್ದೆ, ಆಮೇಲೆ ಅತ್ತಿದ್ದೆ. ಆ ಮುದುಕರಿಗೆ ಆ ಕಷ್ಟ ಬೇಡ ಎಂದು, ನನ್ನ ಮೂಗನ್ನು ಅವರ ಮುಖಕ್ಕೆ ಅಂಟಿಸಿ, ಬಹಳ ಕರುಣೆಯಿಂದ ಹೇಳಿದೆ: ‘ಅದು ನೆನಪಿನ ವಾಸನೆ ಯಜಮಾನ್ರೆ. ಇರುತ್ತೆ. ನಂಬ್ಕೊಂಡು ಕೂತ್ಕೋಬೇಡಿ.’

‘ಆಯ್ತು ತಾಯಿ,’ ಎಂದು ಫೋನ್ ಇಟ್ಟರು. ಅಂದಿನಿಂದ ಅವರು ಕಾಪಿ ಕುಡಿಯುವುದನ್ನೇ ಬಿಟ್ಟರು ಎಂದು ಆಮೇಲೆ ತಿಳಿಯಿತು.

ಒಂದು ಬುಧವಾರ ಕನ್ನಿಯಮ್ಮ ಮೊಮ್ಮಗನ ಫೋಟೋ, ಒಂದು ಡಬ್ಬಿ ಅದಿರಸ ಎಂಬ ಕಜ್ಜಾಯದೊಂದಿಗೆ ಬಂದಳು. ಬಂದವಳು ಅಭ್ಯಾಸದಂತೆ ಬಾಟಲಿಗಳ ಮುಚ್ಚಳ ತೆಗೆದಳು. ನಾಲ್ಕನೆಯದರಲ್ಲಿ ನಿಂತಳು.

‘ಅಕ್ಕಾ, ಇದು ಎನ್ನಾದು? ಕಾಪಿತ್ತೂಳಾ? ವಾಸನೆಯೇ ಇಲ್ಲೆಯೇ! ಮಣ್ಣು ಮಾದಿರಿ ಇರುಕ್ಕು.’

ಮಣ್ಣು. ಮಹಾಲಿಂಗಪ್ಪನವರೂ ಅದನ್ನೇ ಹೇಳಿದ್ದರು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರ ಮೂಗು ಸರಿಯಾಗಿತ್ತು. ಸತ್ತದ್ದು ನನ್ನ ಬಾಟಲಿ, ಅದಕ್ಕೂ ಮೊದಲು ನನ್ನ ಮೂಗು. ಹಿಂದಿನ ವಾರವೇ ಪ್ರಕಾಶ ಅಪ್ಪನ ಮೂಗಿನ ಸ್ಪ್ರೇ ಕೊಳ್ಳಲು ಬಂದಾಗ, ಈ ಶುಕ್ರವಾರ ಬೆಳಿಗ್ಗೆ ಮೆಷಿನ್ ಬಿಚ್ಚಲು ಜನ ಬರುತ್ತಾರೆ ಎಂದು ಹೇಳಿ ಹೋಗಿದ್ದ.

ಗುರುವಾರ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಮೊದಲು ನೋಡಿದ್ದು ಮೇಜಿನ ಮೇಲಿನ ಸ್ಲೈಡುಗಳ ಡಬ್ಬಿಯನ್ನು.

‘ಬಾಟಲಿ ಕೆಟ್ಟಿದ್ದು ನಿನಗೆ ಹೇಗೆ ಗೊತ್ತಾಗಲಿಲ್ಲ?’

‘ನನಗೆ ವಾಸನೆ ಇಲ್ಲ ಸಾರ್. ಮೂರು ವರ್ಷ ಆಯ್ತು.’

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಬೈಗುಳ ಬರುತ್ತದೆ ಎಂದು ಕಾದೆ. ಬಂದದ್ದು ಪಿಸುಮಾತು. ‘ಯಾರಿಗೂ ಹೇಳಬೇಡ. ಅವರಿಗೆ ಸ್ಪ್ರೇ ಮುಂದುವರಿಸು. ಎರಡು ವಾರ ಕಳೆದು ಕರೆಸಿ ಹೊಸ ಪುಡಿಯಲ್ಲಿ ಟೆಸ್ಟ್ ಮಾಡು. ಸ್ಪ್ರೇಯಿಂದ ಬಂತು ಅಂತ ಇರಲಿ.’

‘ನಾಳೆ ಬೆಳಿಗ್ಗೆ ಮೆಷಿನ್ ಬಿಚ್ತಾರೆ ಸಾರ್.’

‘ನಾವೇನು ಮೆಷಿನ್ ಡಾಕ್ಟರಾ?’ ಎಂದು ಗಂಟೆ ಒತ್ತಿ ಮುಂದಿನ ರೋಗಿಯನ್ನು ಕರೆದರು.

ಮಧ್ಯಾಹ್ನವೆಲ್ಲ ಯೋಚಿಸಿದೆ. ಹೇಳಿದರೆ ನನ್ನ ಕೆಲಸ ಹೋಗಬಹುದು, ಹೇಳದಿದ್ದರೆ ಅವರ ಮೆಷಿನ್ ಹೋಗುತ್ತದೆ. ನಾನೇನೂ ಸತ್ಯವಂತೆಯಲ್ಲ. ಆದರೂ ಸಂಜೆ ಐದಕ್ಕೆ ಸ್ಟೇಷನ್ನಿಗೆ ಹೋಗುವ ಬದಲು ಅಂಗಡಿಗೆ ಹೋದೆ. ಪ್ರಕಾಶ ಗಲ್ಲಾದಲ್ಲಿದ್ದ. ಮಹಾಲಿಂಗಪ್ಪ ಮೆಷಿನ್ನಿನ ಕಡೆ ಬೆನ್ನು ಮಾಡಿ, ಬೀದಿ ನೋಡುತ್ತ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಕೊನೆಯ ದಿನ ಎಂದು ಬಂದಿದ್ದರಂತೆ.

ನಿಂತಲ್ಲೇ ಎಲ್ಲ ಹೇಳಿದೆ. ಬಾಟಲಿ, ಕನ್ನಿಯಮ್ಮ, ನನ್ನ ಮೂಗು, ಗಮ್ ಎಂದದ್ದು, ಫೋನಿನಲ್ಲಿ ಹೇಳಿದ್ದು. ಪ್ರಕಾಶ ತಕ್ಕಡಿಯಿಂದ ಕೈ ತೆಗೆದ.

ಮಹಾಲಿಂಗಪ್ಪ ಎದ್ದು ನಿಂತರು. ಸಿಟ್ಟಿನಲ್ಲಿ ‘ನೀವು’ ಹೋಗಿ ‘ನೀನು’ ಬಂದಿತ್ತು. ‘ದಿನಾ ಬೆಳಿಗ್ಗೆ ನಂಗೆ ವಾಸನೆ ಬರ್ತಿತ್ತು ಕಣವ್ವ. ದಿನಾ! ಈಗ ಇಲ್ಲಿ ಕುಂತಿದೀನಲ್ಲ, ಈಗ್ಲೂ ಬರ್ತೈತೆ. ನೆನಪು, ನೆನಪು ಅಂತ ನನ್ ಮೂಗಿಗೆ ನಾನೇ ಬುದ್ಧಿ ಹೇಳ್ತಾ ಕುಂತಿದ್ದೆ. ಅರವತ್ತು ವರ್ಷದ ನನ್ ಮೂಗು ಬಿಟ್ಟು ನಿನ್ ಮಾತು ನಂಬಿದ್ನಲ್ಲ ನಾನು!’

ಕೈ ಮುಗಿದೆ. ಅಳು ಬಂತು.

ಅವರು ನನ್ನನ್ನು ನೋಡಲೂ ಇಲ್ಲ. ಮೆಷಿನ್ನಿನ ಹತ್ತಿರ ಹೋಗಿ ಬೆಂಕಿ ಹೊತ್ತಿಸಿದರು, ಬೀಜ ಸುರಿದರು. ಬೀಜ ಹುರಿಯುವ ಡೋಲು ಕಾದು ತಿರುಗತೊಡಗಿತು. ಪ್ರಕಾಶ ಏನೋ ಹೇಳಲು ಬಾಯಿ ತೆರೆದ, ‘ಸುಮ್ನಿರೋ’ ಎಂದರು. ಮೆಷಿನ್ನಿಗೆ ಮತ್ತೆ ಬೆನ್ನು ಮಾಡಿ, ಬೀದಿಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತರು. ಎಲೆಕ್ಟ್ರಿಕ್ ಟ್ರೈನುಗಳು ಎರಡೋ ಮೂರೋ ಹೋದವು. ಹೊಗೆ ನನ್ನ ಕಣ್ಣಿಗೆ ಮಾತ್ರ ತಿಳಿಯುತ್ತಿತ್ತು. ಒಮ್ಮೆಲೆ ‘ಇಳ್ಸು!’ ಎಂದು ಕೂಗಿದರು. ಪ್ರಕಾಶ ಓಡಿಹೋಗಿ ಡೋಲಿನ ಬಾಗಿಲು ತೆರೆದ. ಬೀಜ ತಟ್ಟೆಗೆ ಸುರಿಯಿತು, ಒಂದೇ ಸಮ, ಹದವಾದ ಕಂದು, ಒಂದೂ ಸೀದಿರಲಿಲ್ಲ. ಅಂಗಡಿಯ ಮುಂದೆ ಹೋಗುತ್ತಿದ್ದವರು ಇಬ್ಬರು ನಿಂತರು.

ಪ್ರಕಾಶ ತಟ್ಟೆ ನೋಡಿದ, ಅಪ್ಪನನ್ನು ನೋಡಿದ. ‘ನಾಳಕ್ಕಿ ಅವಂಗಳೆ ವರವೇಂಡಾನ್ನು ಸೊಲ್ಲಿಡರೇನ್ ಪಾ,’ ಎಂದ. ನಾಳೆ ಅವರು ಬರುವುದು ಬೇಡ ಎಂದು ಹೇಳಿಬಿಡುತ್ತಾನಂತೆ.

ಮಹಾಲಿಂಗಪ್ಪ ಒಂದು ಹಿಡಿ ಬಿಸಿ ಬೀಜ ತಂದು ನನ್ನ ಅಂಗೈಗೆ ಹಾಕಿದರು. ‘ಏನೂ ಇಲ್ವಾ?’

‘ಬಿಸಿ ಇದೆ,’ ಎಂದೆ.

ಅವರು ತಟ್ಟೆಯ ಕಡೆ ತಿರುಗಿ ಬೀಜವನ್ನು ಹರಡಿದರು. ಆಮೇಲೆ, ‘ಇನ್ಮೇಲೆ ಯಾರಿಗೂ ನೆನಪು ಅಂತ ಹೇಳಬ್ಯಾಡಿ ತಾಯಿ,’ ಎಂದರು. ‘ನೀವು’ ವಾಪಸು ಬಂದಿತ್ತು.

ನನ್ನ ಕೆಲಸ ಹೋಗಲಿಲ್ಲ. ನನ್ನನ್ನು ತೆಗೆದರೆ ಯಾಕೆ ಎಂದು ನಾಲ್ಕು ಜನ ಕೇಳುತ್ತಾರಲ್ಲ, ಆ ಭಯಕ್ಕೆ ದೊಡ್ಡ ಡಾಕ್ಟರು ನನ್ನನ್ನು ನಿವೃತ್ತಿಯವರೆಗೆ ಕಾಪಾಡಿದರು. ಪ್ರಬಂಧವನ್ನೂ ಓದಿದರು! ಕೊನೆಗೆ ಒಂದೇ ಒಂದು ಸ್ಲೈಡು ಸೇರಿಸಿದರು, ‘ನಮ್ಮ ಚಿಕಿತ್ಸೆಯಿಂದ ಸಂಪೂರ್ಣ ಗುಣ’ ಎಂದು. ಶಾಲು, ಫಲಕ ಎರಡೂ ಬಂದವು. ಬಾಟಲಿಗಳ ಉಸ್ತುವಾರಿ ಕನ್ನಿಯಮ್ಮನದಾಯಿತು. ಅವಳು ಮೂಸಿ ಸರಿ ಎಂದ ಮೇಲೆಯೇ ನಾನು ರೋಗಿಗೆ ಹಿಡಿಯುತ್ತಿದ್ದೆ. ಮಹಾಲಿಂಗಪ್ಪ ಪ್ರತಿ ತಿಂಗಳ ಮೊದಲ ವಾರ ಒಂದು ಸಣ್ಣ ಪೊಟ್ಟಣ ಕಳುಹಿಸುತ್ತಿದ್ದರು, ಮೇಲೆ ಹುರಿದ ದಿನ ಬರೆದಿರುತ್ತಿತ್ತು. ಹುಡುಗಿ, ನಿನಗೆ ನನ್ನಿಂದ ಟಿಪ್ಸ್ ಬೇಕಿದ್ದರೆ ಇದೇ: ರೋಗಿಯ ಮೂಗು ಕೆಟ್ಟಿದೆ ಎಂದು ಬರೆಯುವ ಮೊದಲು ನಿನ್ನ ಬಾಟಲಿ ನೋಡಿಕೋ. ನಿನ್ನ ಕಷ್ಟವನ್ನು ಅವರ ಕಾಯಿಲೆ ಎಂದು ತಿಳಿಯಬೇಡ.

ನಿವೃತ್ತಿಯಾಗಿ ವರ್ಷವಾದ ಮೇಲೆ ಒಂದು ಬೆಳಿಗ್ಗೆ ಯಾವುದೋ ಕೆಲಸಕ್ಕೆ ಮಾಂಬಲಂನಲ್ಲಿ ಇಳಿದೆ. ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಬಂತು. ಕಾಪಿ. ಹುರಿಯುತ್ತಿರುವ ಕಾಪಿ, ಮೂಗಿನ ತುಂಬ, ಗಂಟಲವರೆಗೆ. ಈ ವಯಸ್ಸಿನಲ್ಲಿ ಓಡಬಾರದು, ಓಡಿದೆ. ಅಂಗಡಿಯಲ್ಲಿ ಮಹಾಲಿಂಗಪ್ಪ ಒಬ್ಬರೇ ಕೂತು ಪೇಪರು ನೋಡುತ್ತಿದ್ದರು.

‘ಯಜಮಾನ್ರೆ, ಈಗ ಹುರಿದ್ರಾ?’ ಎಂದೆ. ಏದುಸಿರು ಬರುತ್ತಿತ್ತು. ‘ನನಗೆ ವಾಸನೆ ಬಂತು.’

ಅವರು ಪೇಪರು ಮಡಚಿದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

‘ಹೂಂ ತಾಯಿ,’ ಎಂದರು. ‘ಈಗ ತಾನೇ ಇಳಿಸ್ದೆ. ಬನ್ನಿ, ಕೂತ್ಕೊಳ್ಳಿ.’

ಕುರ್ಚಿ ಎಳೆದುಕೊಳ್ಳುವಾಗ ನನ್ನ ಕೈ ಮೆಷಿನ್ನಿನ ಡೋಲಿಗೆ ತಾಗಿತು. ತಣ್ಣಗಿತ್ತು.